ಮಗಳಿಗೆ ಪಾಠ ಒಪ್ಪಿಸಿದ ವರ್ಷ

ಹೋದ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಒಂದು ಭಾನುವಾರ ನನ್ನ ಮಗಳು ಚರ್ಚಿನಿಂದ ತೆಳ್ಳನೆಯ ಒಂದು ಪುಸ್ತಕ ಹಿಡಿದುಕೊಂಡು ಬಂದಳು. ಆಗ ಅವಳಿಗೆ ಹದಿನೈದು ವರ್ಷ, ಹತ್ತನೇ ತರಗತಿ. ದೃಢೀಕರಣಕ್ಕೆ ತಯಾರಾಗುವ ಮಕ್ಕಳಿಗೆ ಕೊಡುವ ಪ್ರಶ್ನೋತ್ತರದ ಪುಸ್ತಕ ಅದು. ಕೂಸಾಗಿದ್ದಾಗ ತಂದೆತಾಯಿ ದೀಕ್ಷಾಸ್ನಾನ ಮಾಡಿಸಿರುತ್ತಾರೆ. ಬುದ್ಧಿ ಬಂದ ಮೇಲೆ ಸಭೆಯ ಮುಂದೆ ನಿಂತು, ಈ ನಂಬಿಕೆ ನನ್ನದೂ ಹೌದು ಎಂದು ಸ್ವಂತ ಬಾಯಿಂದ ಹೇಳುವುದೇ ದೃಢೀಕರಣ.

"ಅಪ್ಪಾ, ನಾ ಹೇಳ್ತೇನಿ, ನೀ ಪುಸ್ತಕ ಹಿಡಕೊಂಡು ಕೇಳು" ಅಂದಳು.

ಪುಸ್ತಕ ಯಾಕೆ ಬೇಕು, ನನಗೆಲ್ಲ ಬರುತ್ತದೆ ಅಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಹಾಗಾದರೆ ನೀನೇ ಮೊದಲು ಹೇಳು ಅಂದಳು. ನಾವು ನಂಬುವುದೇನೆಂದು ಸಾಲುಸಾಲಾಗಿ ಹೇಳುವ ವಿಶ್ವಾಸ ಪ್ರಮಾಣ ಶುರು ಮಾಡಿದೆ. ಮೂರನೇ ಸಾಲಿಗೆ ನಿಂತುಹೋದೆ. ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲಿಯೇ ನಿಂತೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ಸದ್ದೂ ನಿಂತಿತು. ಅವಳು ಒಳಗೇ ನಗುತ್ತಿದ್ದದ್ದು ನನಗೆ ಗೊತ್ತಾಯಿತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬೈಲಹೊಂಗಲದಿಂದ ಸವದತ್ತಿ ಕಡೆಗೆ ಓಡಾಡಿ ಇಪ್ಪತ್ತು ವರ್ಷದ ಮೇಲಾಯಿತು. ಭಾನುವಾರಗಳೂ ಬಹಳ ಮಟ್ಟಿಗೆ ಬಸ್ಸಿನಲ್ಲೇ ಕಳೆದವು. ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನ ಬಸ್ಸಿನ ತುಂಬ. ಅವರು ದಾರಿಯುದ್ದಕ್ಕೂ ಹೇಳುವ ಹಾಡುಗಳಲ್ಲಿ ಅರ್ಧ ನನಗೆ ಬಾಯಿಗೆ ಬರುತ್ತವೆ. ನನ್ನ ಚರ್ಚಿನ ಹಾಡುಗಳು ಅಷ್ಟು ಬರುವುದಿಲ್ಲ ಎಂಬುದು ಅವತ್ತೇ ನನಗೆ ಹೊಳೆದದ್ದು. ಮಗಳನ್ನು ಪ್ರತಿ ವಾರ ಚರ್ಚಿಗೆ ಕಳಿಸುತ್ತಿದ್ದೆ. ಕಳಿಸಿದರೆ ನನ್ನ ಕೆಲಸ ಮುಗಿಯಿತು ಎಂದು ತಿಳಿದಿದ್ದೆ.

ಮರುದಿನ ಹೆಂಡತಿಗೆ ಹೇಳಿ ಪುಸ್ತಕದ ಜೆರಾಕ್ಸ್ ಮಾಡಿಸಿ, ಹಾಳೆಗಳನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಟಿಕೆಟ್ ಕೊಟ್ಟು ಮುಗಿದ ಮೇಲೆ ನನ್ನ ಸೀಟಿನಲ್ಲಿ ಕುಳಿತು ಓದುತ್ತಿದ್ದೆ. ಉಗರಗೋಳದ ಒಬ್ಬ ನಿವೃತ್ತ ಮಾಸ್ತರರು ವಾರಕ್ಕೆ ಎರಡು ಸಲ ಬೈಲಹೊಂಗಲದ ಮಗಳ ಮನೆಗೆ ನನ್ನ ಬಸ್ಸಿನಲ್ಲೇ ಹೋಗುವವರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ದಿನ ನನ್ನ ಪಕ್ಕಕ್ಕೆ ಬಂದು ಕುಳಿತರು.

"ಕಂಡಕ್ಟರ್ ಸಾಹೇಬ್ರ, ಬಾಯಾಗ ಏನ ಮಣಮಣ ನಡಸೀರಿ?"

ಹೇಳಿದೆ. ಅವರು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡರು, ಚಸ್ಮಾ ಏರಿಸಿದರು. "ಹೂಂ, ಚಾಲೂ ಮಾಡ್ರಿ."

ಅಂದಿನಿಂದ ಅವರು ನನ್ನ ಪರೀಕ್ಷಕರಾದರು. ಒಂದು ಶಬ್ದ ಆಚೀಚೆ ಆದರೂ ಬಿಡುತ್ತಿರಲಿಲ್ಲ. "ತಪ್ಪ. ಒಂದ ಸಾಲ ಜಿಗದ್ರಿ. ಮತ್ತ ಮ್ಯಾಲಿಂದ ಹೇಳ್ರಿ" ಎನ್ನುವರು. ಹಿಂದಿನ ಸೀಟಿನ ಹೆಂಗಸರು ಬಗ್ಗಿ ಕೇಳುವರು. ಒಂದು ದಿನ ಎಲ್ಲ ತಪ್ಪಿಲ್ಲದೆ ಹೇಳಿ ಮುಗಿಸಿದಾಗ ಡ್ರೈವರ್ ಖುಷಿಗೆ ಹಾರ್ನ್ ಬಾರಿಸಿದ. ಮಾಸ್ತರರು ಹಾಳೆ ಮಡಚಿ ಕೊಟ್ಟು, "ಪಾಸ್" ಅಂದರು. ಆ ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಮಗಳಿಗೆ ಪೂರ್ತಿ ಒಪ್ಪಿಸಿದೆ. ಅವಳು ಚಪ್ಪಾಳೆ ತಟ್ಟಿದಳು. ನನ್ನ ಎದೆ ಹಿಗ್ಗಿತು. ಈ ವಯಸ್ಸಿನಲ್ಲಿ ಪಾಠ ಬಂದದ್ದಕ್ಕೆ ಇಷ್ಟು ಸಂತೋಷವಾಗುತ್ತದೆಂದು ನಾನು ಎಣಿಸಿರಲಿಲ್ಲ.

ದೃಢೀಕರಣಕ್ಕೆ ಹತ್ತು ದಿನ ಉಳಿದಿತ್ತು. ಬಿಳಿ ಚೂಡಿದಾರ ಹೊಲಿಸಿ ತಂದಾಗಿತ್ತು. ರಾಮದುರ್ಗದ ನೆಂಟರಿಗೆ ಫೋನ್ ಮಾಡಿ ಹೇಳಿಯಾಗಿತ್ತು. ಊಟಕ್ಕೆ ಕುಳಿತಾಗ ಮಗಳು ತಟ್ಟೆಯನ್ನೇ ನೋಡುತ್ತ ಹೇಳಿದಳು, "ಅಪ್ಪಾ, ನಾ ನಿಲ್ಲಂಗಿಲ್ಲ."

"ಯಾಕ? ಪಾಠ ಬರವಲ್ದೇನು?"

"ಪಾಠ ಎಲ್ಲಾ ಬರ್ತೈತಿ. ನಂಬ್ತೀಯೇನು ಅಂತ ಪಾಸ್ಟರ್ ಕೇಳ್ತಾರ. ನಂಬ್ತೇನಿ ಅನ್ನಬೇಕು. ಅದು ಪುಸ್ತಕದಾಗಿನ ಉತ್ತರ, ನಂದಲ್ಲ. ಸುಳ್ಳ ಹ್ಯಾಂಗ ಹೇಳ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಜನ ಏನಂದಾರು ಅಂದೆ. ಹೊಲಿಸಿದ ಬಟ್ಟೆ ಏನು ಮಾಡಲಿ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ದೇವರ ಮಾತಿಗೆ ಬಟ್ಟೆಯ ಮಾತು ಅಡ್ಡ ತಂದಿದ್ದೆ. ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಊಟ ಮುಗಿಸಿದಳು. ಹೆಂಡತಿ ಮಾತ್ರ ಮೆಲ್ಲಗೆ, "ಆಕಿನ್ನ ಅತ್ತಿ ಕಡೆ ಕರಕೊಂಡು ಹೋಗ್ರಿ" ಅಂದಳು.

ನನ್ನ ಅವ್ವ ಸಂಪಗಾಂವದಲ್ಲಿರುತ್ತಾಳೆ, ನನ್ನ ತಮ್ಮನ ಮನೆಯಲ್ಲಿ. ಓದು ಬರಹ ಬಾರದು. ಹಾಡು, ಪ್ರಾರ್ಥನೆ, ಯೇಸುವಿನ ಕತೆ ಎಲ್ಲ ಕಿವಿಯಿಂದ ಕೇಳಿಯೇ ಕಲಿತವಳು. ಅವ್ವ ಗಟ್ಟಿಯಾಗಿ ಎರಡು ಮಾತು ಹೇಳಿದರೆ ಹುಡುಗಿ ದಾರಿಗೆ ಬರುತ್ತಾಳೆ ಎಂಬ ಆಸೆಯಿಂದ ನನ್ನ ರಜೆಯ ದಿನ ಕರೆದುಕೊಂಡು ಹೋದೆ.

ಅವ್ವ ಅಂಗಳದಲ್ಲಿ ಮೊರದಲ್ಲಿ ಶೇಂಗಾ ಹಾಕಿಕೊಂಡು ಆರಿಸುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವಳು ಮೊರ ಪಕ್ಕಕ್ಕಿಟ್ಟು ಮೊಮ್ಮಗಳನ್ನು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಬೈಗುಳಕ್ಕೆ ಕಾದಿದ್ದ ನನಗೆ ಅವಳ ಮುಖ ನೋಡಿ ಗಾಬರಿಯಾಯಿತು. ಅವಳು ನಗುತ್ತಿದ್ದಳು.

"ನಮ್ಮ ಮನ್ಯಾಗ ಒಬ್ಬಾಕಿ ಆದ್ರೂ ಕೇಳಿದ್ಲಲ್ಲ" ಅಂದಳು. "ನಿಮ್ಮಪ್ಪ ಏನೂ ಕೇಳ್ಲಿಲ್ಲ. ಹೂಂ ಹೂಂ ಅಂತ ಗೋಣ ಹಾಕಿ ಆಡಾಕ ಓಡಿ ಹೋಗ್ತಿದ್ದ."

"ಆಯೀ, ನಿನಗ ಎಂದಾದ್ರೂ ಸುಳ್ಳ ಅನಸಿತ್ತೇನು?" ಮಗಳು ಅಜ್ಜಿಯನ್ನು ಕೇಳಿದಳು.

ಅವ್ವ ಮೊಮ್ಮಗಳ ಕೂದಲು ಹಿಂದಕ್ಕೆ ಸರಿಸಿದಳು. ಆಮೇಲೆ ಹೇಳಿದ್ದನ್ನು ನಾನು ನಲವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದೆ. ನನಗಿಂತ ಮೊದಲು ಹುಟ್ಟಿದ ಒಬ್ಬ ಅಕ್ಕ ಎರಡು ವರ್ಷದವಳಿದ್ದಾಗ ಜ್ವರದಿಂದ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಅದಾದ ಮೇಲೆ ಒಂದು ವರ್ಷ ಅವ್ವ ಚರ್ಚಿನಲ್ಲಿ ಬಾಯಿ ತೆರೆಯಲಿಲ್ಲ ಎಂಬುದು ಗೊತ್ತಿರಲಿಲ್ಲ.

"ಹಾಡ್ಲಿಲ್ಲ. ಪ್ರಾರ್ಥನಿ ಅನ್ಲಿಲ್ಲ. ಎಲ್ಲಾರೂ ಕಣ್ಣ ಮುಚ್ಚಿದ್ರ ನಾ ಬಾಗಲಾ ನೋಡ್ಕೊಂತ ಕುಂದ್ರತಿದ್ದೆ. ಆದ್ರ ಹೋಗೋದ ಬಿಡ್ಲಿಲ್ಲ. ಅಷ್ಟ ಸಿಟ್ಟ ಇತ್ತು. ಒಂದಿನ ಅನಸ್ತು, ಸಿಟ್ಟ ಮಾಡಾಕ ಹತ್ತೇನಿ, ಯಾರ ಮ್ಯಾಲ? ಇಲ್ಲದವನ ಮ್ಯಾಲ ಇಷ್ಟ ದಿನಾ ಸಿಟ್ಟ ಮಾಡಾಕ ಆಗ್ತೈತೇನು?"

ಮಗಳು ಆಯಿಯ ಕೈ ಹಿಡಿದುಕೊಂಡು ಕುಳಿತಳು. ನಾನು ಶೇಂಗಾದ ಮೊರ ಎಳೆದುಕೊಂಡು ಆರಿಸತೊಡಗಿದೆ.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಗದ್ದಲವಾಯಿತು. ಅವರು ಹೊಲಮನೆ ಇರುವ ಲಿಂಗಾಯತರು, ಅವ್ವನಿಗೆ ನಲವತ್ತು ವರ್ಷದ ನೆರೆಯವರು. ಅವರ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ನೋವು ಶುರುವಾಗಿತ್ತು. ಬೈಲಹೊಂಗಲದ ಆಸ್ಪತ್ರೆಗೆ ಹೋಗಲು ಆಟೋ ಬಂದು ನಿಂತಿತ್ತು. ಹುಡುಗಿ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಮ್ಮ ಅಂಗಳದ ಕಡೆ ತಿರುಗಿ, "ಆಯೀ, ಒಂದ ಪ್ರಾರ್ಥನಿ ಮಾಡ್ರಿ" ಅಂದಳು. ಪರೀಕ್ಷೆ ಇದ್ದರೂ ಜ್ವರ ಬಂದರೂ ಆ ಮನೆಯವರು ತಮ್ಮ ದೇವರಿಗೆ ಕೈ ಮುಗಿದು, ಆಮೇಲೆ ಅವ್ವನನ್ನೂ ಕರೆಯುವುದು ರೂಢಿ.

ಅವ್ವ ಓಡಿ ಹೋಗಿ ಹುಡುಗಿಯ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತಳು. ನಿಂತು ನನ್ನ ಮಗಳಿಗೆ, "ನೀ ಮಾಡು" ಅಂದಳು.

"ನನಗ ಬರಂಗಿಲ್ಲ ಆಯೀ."

"ಬರದಿದ್ರ ಚಲೋನ ಆತು. ಇದ್ದದ್ದ ಹೇಳು."

ಮಗಳು ಹುಡುಗಿಯ ಹೆಗಲ ಮೇಲೆ ಕೈ ಇಟ್ಟಳು. ಚರ್ಚಿನಲ್ಲಿ ನಾವು ಪ್ರಾರ್ಥಿಸುವುದು ಪುಸ್ತಕದ ಕನ್ನಡದಲ್ಲಿ. ಅವಳಿಗೆ ಅದು ಬಾಯಿಗೆ ಬರಲಿಲ್ಲ. ಮನೆಯ ಮಾತೇ ಬಂತು.

"ದೇವ್ರೇ, ಅಕ್ಕಗ ಹೆದರಿಕಿ ಆಗೇತಿ. ನನಗೂ ಆಗೇತಿ. ನೀ ಅದೀಯೋ ಇಲ್ಲೋ ನಾ ಇನ್ನೂ ವಿಚಾರ ಮಾಡಾಕ ಹತ್ತೇನಿ. ಇದ್ರ, ಅಕ್ಕನ ಜೋಡಿ ಹೋಗು. ಆಟೋದಾಗ ಜಾಗಾ ಐತಿ."

ನೋವಿನಲ್ಲಿದ್ದ ಹುಡುಗಿ ನಕ್ಕುಬಿಟ್ಟಳು. ಅವಳ ತಾಯಿಯೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಇಷ್ಟು ವರ್ಷ ಎಷ್ಟೋ ಉದ್ದುದ್ದ ಪ್ರಾರ್ಥನೆಗಳಿಗೆ ಆಮೆನ್ ಅಂದಿದ್ದೇನೆ. ಅವತ್ತು ಅಂದ ಆಮೆನ್ ನನ್ನ ಹೊಟ್ಟೆಯೊಳಗಿಂದ ಬಂತು.

ಹುಡುಗಿ ನನ್ನ ಮಗಳ ಕೈ ಬಿಡಲೇ ಇಲ್ಲ. ಹಾಗಾಗಿ ಇವಳೂ ಆಟೋ ಹತ್ತಿದಳು, ನಾನು ಡ್ರೈವರನ ಪಕ್ಕ ತೂರಿಕೊಂಡು ಕುಳಿತೆ. ದಾರಿಯುದ್ದಕ್ಕೂ ಹಿಂದಿನಿಂದ ಮಗಳ ದನಿ ಕೇಳುತ್ತಿತ್ತು: ಇನ್ನೇನು ಬಂತು ಅಕ್ಕ, ಉಸಿರು ತಗೋ ಅಕ್ಕ. ಮಧ್ಯಾಹ್ನ ಮೂರರ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಆರಾಮ. ನರ್ಸಮ್ಮ ಕೂಸನ್ನು ತಂದು ಹುಡುಗಿಯ ತಾಯಿಯ ಕೈಗೆ ಕೊಟ್ಟಾಗ ನನ್ನ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಒಂದೇ ಸಮನೆ ಅತ್ತಳು. ಕೂಸು ಹುಟ್ಟಿದ್ದು ಅವಳ ಪ್ರಾರ್ಥನೆಯಿಂದ ಎಂದು ಅವಳೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಡಾಕ್ಟರಮ್ಮ ಇದ್ದರು, ನರ್ಸ್ ಇದ್ದರು. ಆದರೆ ಅಂಗಳದಲ್ಲಿ ಏನೋ ಒಂದು ಅವ್ವನ ಕೈಯಿಂದ ಅವಳ ಕೈಗೆ ದಾಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಆ ಶನಿವಾರ ನಾವಿಬ್ಬರೂ ಪಾಸ್ಟರ್ ಹತ್ತಿರ ಹೋದೆವು. ಈ ವರ್ಷ ನಿಲ್ಲುವುದಿಲ್ಲ ಎಂದು ಅವಳೇ ಹೇಳಿದಳು, ಕಾರಣವನ್ನೂ ಹೇಳಿದಳು. ಪಾಸ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. "ಅವಸರ ಇಲ್ಲವ್ವಾ. ಕ್ಲಾಸಿಗೆ ಮಾತ್ರ ಬರೋದ ಬಿಡಬ್ಯಾಡ" ಅಂದರು. ಪಟ್ಟಿಯಿಂದ ಅವಳ ಹೆಸರು ತೆಗೆಯಲು ದೃಢೀಕರಣದ ದೊಡ್ಡ ರಿಜಿಸ್ಟರ್ ಬಿಚ್ಚಿದವರು ಹಿಂದಿನ ಪುಟಗಳನ್ನು ತಿರುವಿ ನನ್ನ ಮುಖ ನೋಡಿದರು.

"ನಿಮ್ಮ ಹೆಸರ ಎಲ್ಲೂ ಕಾಣವಲ್ದಲ್ರಿ."

ಕಾಣುವುದಾದರೂ ಹೇಗೆ? ಆ ವಯಸ್ಸಿನಲ್ಲಿ ನಾನು ಎರಡು ವಾರ ಕ್ಲಾಸಿಗೆ ಹೋಗಿ ಕಬಡ್ಡಿಗಾಗಿ ಬಿಟ್ಟವನು. ನೌಕರಿ ಸಿಕ್ಕಮೇಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಮಗಳು, "ಅಪ್ಪಗ ಎಲ್ಲಾ ಬರ್ತೈತ್ರಿ. ನಾನ ಕೇಳೇನಿ" ಅಂದಳು.

ನಾನು ಹೂಂ ಅಂದೆ, ಪಾಸ್ಟರ್ ಅವಳ ಹೆಸರಿದ್ದಲ್ಲಿ ನನ್ನ ಹೆಸರು ಬರೆದರು. ಹೀಗೆ ಮರುವಾರ ನಾನು ಆರು ಮಕ್ಕಳ ಸಾಲಿನಲ್ಲಿ ನಿಂತೆ. ಅವರೆಲ್ಲ ನನ್ನ ಎದೆಯ ಎತ್ತರ. ರಾಮದುರ್ಗದ ನೆಂಟರು ಬಿಳಿ ಚೂಡಿದಾರ ತೊಟ್ಟ ಹುಡುಗಿಯನ್ನು ನೋಡಲು ಬಂದವರು, ಹೊಟ್ಟೆ ಬಂದ ಕಂಡಕ್ಟರನನ್ನು ನೋಡಿ ಕಣ್ಣು ಬಿಟ್ಟರು. ನಂಬುತ್ತೀಯಾ ಎಂದು ಪಾಸ್ಟರ್ ಕೇಳಿದಾಗ ಮೊದಲ ಸಾಲಿನಲ್ಲಿ ಕುಳಿತಿದ್ದ ಅವ್ವನನ್ನು ನೋಡಿದೆ, ಅವಳ ಪಕ್ಕದಲ್ಲಿದ್ದ ಮಗಳನ್ನು ನೋಡಿದೆ. ನಂಬುತ್ತೇನೆ ಅಂದೆ. ದನಿ ನನಗೇ ಗೊತ್ತಿಲ್ಲದಷ್ಟು ಜೋರಾಗಿ ಬಂತು. ಹಿಂದೆ ಯಾರೋ ನಕ್ಕರು. ನನಗೂ ನಗು ಬಂತು. ಪಾಸ್ಟರ್ ತಲೆಯ ಮೇಲೆ ಕೈ ಇಟ್ಟಾಗ ಆ ನಗುವಿನಲ್ಲೇ ಕಣ್ಣು ಒದ್ದೆಯಾದವು.

ಮಗಳು ಈಗ ಪಿಯುಸಿ ಮೊದಲ ವರ್ಷ. ನಾನು ಡ್ಯೂಟಿ ಬದಲಿಸಿಕೊಂಡು ತಿಂಗಳಿಗೆ ಎರಡು ಭಾನುವಾರ ಅವಳ ಜೊತೆ ಚರ್ಚಿಗೆ ಹೋಗುತ್ತೇನೆ. ಬರುವ ದಾರಿಯಲ್ಲಿ ಅವಳು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಗೊತ್ತಿಲ್ಲ ಅನ್ನುತ್ತೇನೆ. ಇಬ್ಬರೂ ಸೇರಿ ಹುಡುಕುತ್ತೇವೆ, ಕೆಲವು ಸಲ ಜಗಳವನ್ನೂ ಆಡುತ್ತೇವೆ. ಹೋದ ವಾರ ಅಂಗಡಿಯ ಮುಂದೆ ಕಬ್ಬಿನ ಹಾಲು ಕುಡಿಯುತ್ತ ನಿಂತಾಗ ಅವಳು ತಟ್ಟನೆ ಹೇಳಿದಳು, "ಅಪ್ಪಾ, ಈ ವರ್ಷ ನಿಲ್ತೇನಿ. ಆದ್ರ ಮೊದಲ ಪಾಸ್ಟರಗ ನಾನೂ ಎರಡ ಪ್ರಶ್ನಿ ಕೇಳೋದೈತಿ."

ಗ್ಲಾಸು ಅಲ್ಲೇ ಇಟ್ಟು ನಾನು ಸಂಪಗಾಂವಕ್ಕೆ ಫೋನ್ ಹಚ್ಚಿದೆ. ಆ ಎರಡು ಪ್ರಶ್ನೆ ಯಾವುವು ಎಂದು ಅವ್ವ ಮೊದಲು ಕೇಳಿದಳು. ಮಗಳು ಫೋನ್ ಕಸಿದುಕೊಂಡು ಹೇಳತೊಡಗಿದಳು.