ರಾಜಮತಿ ಅಕ್ಕೋರ ಹತ್ತು ಸಾಕ್ಷಿ

ರಾಜಮತಿ ಅಕ್ಕೋರಿಗೆ ಎರಡು ಹೆಸರು. ಮಮದಾಪುರದ ತವರಿನಲ್ಲಿ ಇಟ್ಟದ್ದು ರಾಜಮತಿ. ಮದುವೆಯ ದಿನ ಅತ್ತೆಮನೆಯವರು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿದ್ದು ಸನ್ಮತಿ. ಅಂದಿನಿಂದ ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ಬಸದಿಯ ದೇಣಿಗೆ ಕಲ್ಲಿನಲ್ಲಿ ಅವರು ಸನ್ಮತಿ. ಮಕ್ಕಳಿಗೆ ಕಲಿಸುವ ಅರಭಾವಿಯ ಶಾಲೆಯಲ್ಲಿ, ಟೀಚರನ್ನು ಕರೆಯುವ ನಮ್ಮ ರೂಢಿಯಂತೆ, ಬರೀ ಅಕ್ಕೋರು. ರಾಜಮತಿ ಎಂಬಾಕೆ ಎಲ್ಲಿ ಹೋದಳೆಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಅಂಥದ್ದನ್ನು ಕೇಳುವ ರೂಢಿಯೂ ಇಲ್ಲ.

ಆ ಹೆಸರು ಮೂವತ್ತು ವರ್ಷದ ಮೇಲೆ ಮತ್ತೆ ಹೊರಗೆ ಬಂದದ್ದು ನನ್ನ ಅಂಗಡಿಯಲ್ಲಿ. ನಾನು ನಂದಿನಿ. ಮೂಡಲಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಟೈಪಿಂಗ್, ಝೆರಾಕ್ಸ್, ಇಂಟರ್‌ನೆಟ್ ನಡೆಸುತ್ತೇನೆ. ಅರಭಾವಿಯಲ್ಲಿ ಎರಡನೇ ಇಯತ್ತೆ ಓದುವಾಗ ಮಗ್ಗಿ ತಪ್ಪಿ ಈ ಅಕ್ಕೋರ ಕೈಯಲ್ಲೇ ಪೆಟ್ಟು ತಿಂದವಳು. ೨೦೦೭ರಲ್ಲಿ ಒಂದು ಶನಿವಾರ ಅವರು ಯಾವುದೋ ತರಬೇತಿಯ ಅರ್ಜಿ ತುಂಬಿಸಲು ಬಂದಾಗ, ಅಂತರ್ಜಾಲದಲ್ಲಿ ಕನ್ನಡದ ವಿಶ್ವಕೋಶ ಒಂದಿದೆ, ಯಾರು ಬೇಕಾದರೂ ಅದರಲ್ಲಿ ಬರೆಯಬಹುದು ಎಂದು ತೋರಿಸಿದೆ. ತೋರಿಸಿದ್ದೇ ತಪ್ಪಾಯಿತು. ಆಮೇಲೆ ಪ್ರತಿ ಶನಿವಾರ, ಭಾನುವಾರ ಕಿಟಕಿಯ ಕಡೆಯ ಕಂಪ್ಯೂಟರ್ ಅವರದೇ. ಖಾತೆ ತೆರೆಯುವಾಗ ಯಾವ ಹೆಸರು ಹಾಕಲಿ ಎಂದು ಕೇಳಿದೆ.

"ರಾಜಮತಿ ಅಂತ ಹಾಕ," ಎಂದರು.

ಒಂದೂವರೆ ವರ್ಷದಲ್ಲಿ ನಲವತ್ತೊಂದು ಲೇಖನ ಬರೆದರು. ಧುಪದಾಳದ ಒಡ್ಡಿನ ಬಗ್ಗೆ, ಹುಕ್ಕೇರಿಯ ಹಳೆಯ ಗುಮ್ಮಟಗಳ ಬಗ್ಗೆ, ನಮ್ಮ ಸೀಮೆಯ ಜೋಳದ ತಳಿಗಳ ಬಗ್ಗೆ. ಒಂದು ಇಸವಿ ಖಚಿತ ಮಾಡಿಕೊಳ್ಳಲು ಗೋಕಾಕಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿ ಗ್ರಂಥಾಲಯದಲ್ಲಿ ಕೂತು ಬಂದವರು ಅವರು. ಅಷ್ಟು ಕಟ್ಟುನಿಟ್ಟಿನ ಹೆಂಗಸು ಮೈದುನನ ಗಿರಣಿಯ ವಿಷಯ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡರು.

ಮೈದುನ ಜಿನೇಂದ್ರನದು ಮೂಡಲಗಿಯಲ್ಲಿ ಶೇಂಗಾ ಎಣ್ಣೆಯ ಗಿರಣಿ. ಅಕ್ಕೋರ ಗಂಡ ತೀರಿಕೊಂಡಾಗ ಮನೆಗೆ ಹೆಗಲು ಕೊಟ್ಟವನು, ಅವರ ಮಗಳು ತೃಪ್ತಿಯ ಮದುವೆಯನ್ನು ನಿಂತು ಮಾಡಿದವನು. ಒಂದು ದಿನ ಅವನು ನಾಲ್ಕು ಹಾಳೆ ತಂದು ಅತ್ತಿಗೆಯ ಮುಂದಿಟ್ಟು, "ವೈನಿ, ನಮ್ಮ ಗಿರಣೀದೂ ಒಂದು ಅದರಾಗ ಬರೀರಲಾ," ಎಂದ. ಇಲ್ಲವೆನ್ನಲು ಅಕ್ಕೋರಿಗೆ ಬಾಯಿ ಬರಲಿಲ್ಲ. ಹಾಳೆಯಲ್ಲಿದ್ದದ್ದು ಇದ್ದ ಹಾಗೇ ಏರಿತು: "ಗ್ರಾಹಕರ ಹೃದಯಸಿಂಹಾಸನದಲ್ಲಿ ವಿರಾಜಮಾನವಾಗಿರುವ, ಶುದ್ಧತೆಗೆ ಇನ್ನೊಂದು ಹೆಸರಾದ ಸಮತಾಶ್ರೀ ಎಣ್ಣೆ ಗಿರಣಿ." ಹೆತ್ತವರಿಗೆ ಹೆಗ್ಗಣ ಮುದ್ದು, ಅವನ ತಪ್ಪೇನೂ ಇಲ್ಲ. ಆಧಾರಕ್ಕೆ ಪತ್ರಿಕೆಯೊಂದರ ಪುರವಣಿಯನ್ನು ತೋರಿಸಿದರು. ಆ ಪುರವಣಿಯಲ್ಲಿ ಬಂದದ್ದೂ ಜಿನೇಂದ್ರನೇ ಕೊಟ್ಟು ಹಾಕಿಸಿದ ಜಾಹೀರಾತಿನ ಬರಹ. ಅದನ್ನು ಟೈಪ್ ಮಾಡಿದವಳು ನಾನು.

ಮೂರು ದಿನಕ್ಕೆ ಲೇಖನದ ನೆತ್ತಿಯ ಮೇಲೆ ಒಂದು ಫಲಕ ಬಿತ್ತು. ಇದು ಜಾಹೀರಾತಿನಂತಿದೆ, ಗಿರಣಿಗೆ ಸಂಬಂಧವಿಲ್ಲದವರು ಬರೆದ ಆಧಾರ ಒಂದೂ ಇಲ್ಲ, ಅಳಿಸಬೇಕೇ ಉಳಿಸಬೇಕೇ ಎಂದು ಚರ್ಚಿಸಿ ಅಂತ.

ಚರ್ಚೆ ಎಂದರೆ ನಮ್ಮ ಕಡೆ ಏನು ಮಾಡುತ್ತಾರೆ? ಬದುವಿನ ತಕರಾರಿರಲಿ, ಸೊಸೆ ತವರಿಗೆ ಹೋಗಿ ಕೂತಿರಲಿ, ನಾಲ್ಕು ಮಂದಿಯನ್ನು ಕರೆದುಕೊಂಡು ಹೋಗಿ ಹೇಳಿಸುತ್ತಾರೆ. ಹೆಚ್ಚು ಮಂದಿ ಬಂದಷ್ಟೂ ಮಾತಿಗೆ ತೂಕ. ಮರುದಿನ ಜಿನೇಂದ್ರ ಹತ್ತು ಮಂದಿಯನ್ನು ನನ್ನ ಅಂಗಡಿಗೆ ಕರೆತಂದ. ಗಿರಣಿಯಲ್ಲಿ ತೂಕ ಮಾಡುವ ಮಾಲಿಂಗಪ್ಪ, ಪಕ್ಕದ ಚಹಾದ ಅಂಗಡಿಯ ಬೀರಸಿದ್ದಪ್ಪ, ಇಪ್ಪತ್ತು ವರ್ಷದಿಂದ ಅದೇ ಎಣ್ಣೆ ಒಯ್ಯುವ ಉದ್ದವ್ವ, ಇನ್ನೂ ಏಳು ಮಂದಿ. ಬೆಂಚಿನ ಮೇಲೆ ಸಾಲಾಗಿ ಕೂತರು. ಅಕ್ಕೋರು ಒಬ್ಬೊಬ್ಬರನ್ನೇ ಕರೆದರು, ನಾನು ಒಬ್ಬೊಬ್ಬರಿಗೂ ಖಾತೆ ತೆರೆದು ಅವರು ಹೇಳಿದ್ದನ್ನು ಟೈಪ್ ಮಾಡಿದೆ.

ಉದ್ದವ್ವ ಕಂಪ್ಯೂಟರಿಗೆ ಕೈಮುಗಿದು, "ಎಣ್ಣಿ ಚಲೋ ಐತ್ರಿ. ಬಜಿ ಕರದ್ರ ಹೊಗಿ ಬರೂದಿಲ್ಲ. ಇರ್ಲಿ ಬಿಡ್ರಿ ಪಾಪ," ಎಂದಳು. ಅದನ್ನೂ ಹಾಗೇ ಹಾಕಿದೆ. ಒಂದೂವರೆ ತಾಸಿನಲ್ಲಿ ಹತ್ತು "ಉಳಿಸಿ". ಬೀರಸಿದ್ದಪ್ಪ ಎಲ್ಲರಿಗೂ ಚಹಾ ಕಳಿಸಿದ. ಗೆದ್ದೆವು ಎಂದೇ ನಾವು ತಿಳಿದದ್ದು.

ಶನಿವಾರ ಅಕ್ಕೋರು ಬಂದು ಕೂತು, ಒಂದು ಅಕ್ಷರ ತಿದ್ದಲು ಹೋದರು. ಆಗಲಿಲ್ಲ. ನನ್ನನ್ನು ಕರೆದರು. ಅವರ ಹೆಸರಿನ ಪುಟದಲ್ಲಿ ವಿಶ್ವಕೋಶವನ್ನು ನೋಡಿಕೊಳ್ಳುವ ನಿರ್ವಾಹಕರೊಬ್ಬರು ಹೀಗೆ ಬರೆದಿದ್ದರು: "ಈ ಸದಸ್ಯರು ಬರೆಯುವ ಕಂಪ್ಯೂಟರಿನಿಂದಲೇ ಒಂದೇ ಸಂಜೆ ಹತ್ತು ಹೊಸ ಖಾತೆಗಳು ತೆರೆದಿವೆ. ಹತ್ತೂ ಒಬ್ಬರವೇ ಎಂದು ಕಾಣುತ್ತದೆ. ಸುಳ್ಳು ಖಾತೆಗಳನ್ನು ನಡೆಸಿದ್ದಕ್ಕಾಗಿ ರಾಜಮತಿ ಎಂಬ ಸದಸ್ಯರನ್ನು ಅನಿರ್ದಿಷ್ಟ ಕಾಲ ತಡೆಯಲಾಗಿದೆ. ಇವರ ಹಿಂದಿನ ಎಲ್ಲ ಲೇಖನಗಳನ್ನೂ ಪರಿಶೀಲಿಸಬೇಕು."

ಅಕ್ಕೋರು ಎರಡು ಸಲ ಓದಿದರು. ನನಗೆ ಮೊದಲು ಬಂದದ್ದು ಸಿಟ್ಟು. ಉದ್ದವ್ವ ಸುಳ್ಳು ಮನುಷ್ಯಳೇ? ಬಂದು ನೋಡಲಿ ಮೂಡಲಗಿಗೆ! ಕೂಗಾಡಿದ್ದು ಮುಗಿದ ಮೇಲೆ ಬುದ್ಧಿಯನ್ನೂ ಹೇಳಿದೆ.

"ಅಕ್ಕೋರ, ಗೋಕಾಕಕ್ಕ ಹೋಗಿ ಬ್ಯಾರೆ ಕಂಪ್ಯೂಟರಿನ್ಯಾಗ ಬ್ಯಾರೆ ಹೆಸರು ತಗೀರಿ. ಸನ್ಮತಿ ಅಂತನ ತಗೀರಿ. ಯಾರಿಗೆ ಗೊತ್ತಾಗ್ತೈತಿ?"

"ಮತ್ತ ಈ ಹೆಸರು?"

"ಹೋಗ್ಲಿ ಬಿಡ್ರಿ."

"ಒಂದ್ಸಲ ಬಿಟ್ಟು ನೋಡೇನಿ, ನಂದಿನಿ," ಎಂದರು. "ಅವಾಗ ನಾ ಹದಿನೆಂಟರಾಕಿ, ಕೇಳಾಕ ಧೈರ್ಯ ಇರಲಿಲ್ಲ. ಈ ಸರ್ತಿ ಕಳ್ಳಿ ಅಂತ ಬ್ಯಾರೆ ಬರದಾರ. ಹಂಗ ಬಿಟ್ಟು ನಾ ಹೋಗೂದಿಲ್ಲ."

ನನ್ನ ಸಲಹೆಗೆ ನನಗೇ ನಾಚಿಕೆಯಾಯಿತು.

ತಡೆದವರಿಗೂ ತಮ್ಮ ಪುಟದಲ್ಲಿ ಅಹವಾಲು ಬರೆಯುವ ಅವಕಾಶವಿತ್ತು. ಅಕ್ಕೋರು ಮೊದಲು ಹಾಳೆಯ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ತಾವೇ ಟೈಪ್ ಮಾಡಿದರು. "ಗಿರಣಿ ನನ್ನ ಗಂಡನ ತಮ್ಮನದು. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅವರು ಕೊಟ್ಟ ಬರಹವನ್ನೇ ಹಾಕಿದೆ, ಅವರೇ ಹಾಕಿಸಿದ ಜಾಹೀರಾತನ್ನು ಆಧಾರವೆಂದು ತೋರಿಸಿದೆ. ಹತ್ತು ಜನ ಮಾತ್ರ ನಿಜವಾಗಿ ಹತ್ತು ಜನ. ಅವರನ್ನು ಕೂರಿಸಿ ಹೇಳಿಸಿದ್ದು ನಾವು. ನಮ್ಮ ಊರಲ್ಲಿ ತಕರಾರಾದರೆ ಹಾಗೆ ಮಾಡುತ್ತೇವೆ. ನಿಮ್ಮಲ್ಲಿ ಮಂದಿ ಎಣಿಸುವುದಿಲ್ಲ, ಆಧಾರ ನೋಡುತ್ತೀರಿ ಎಂಬುದು ನನಗೆ ತಿಳಿಯಲಿಲ್ಲ. ಲೇಖನವನ್ನು ಅಳಿಸಿ. ಉಳಿದ ನಲವತ್ತನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ತೋರಿಸಿ. ಹೆಸರನ್ನು ಮಾತ್ರ ತಿರುಗಿ ಕೊಡಿ."

ಒಂಬತ್ತು ದಿನ ಉತ್ತರವಿಲ್ಲ. ತನ್ನಿಂದಲೇ ಹೀಗಾಯಿತೆಂದು ಜಿನೇಂದ್ರ ದಿನವೂ ಅಂಗಡಿಗೆ ಬಂದು, ವೈನಿಯನ್ನು ಸ್ಟೇಷನ್ನಿನಲ್ಲಿ ಕೂಡಿಹಾಕಿದ್ದಾರೇನೋ ಎಂಬಂತೆ, "ಬಿಟ್ರೇನವಾ ನಂದಿನಿ?" ಎಂದು ಕೇಳುತ್ತಿದ್ದ. ಯಾರನ್ನಾದರೂ ಹಿಡಿದು ಹೇಳಿಸೋಣವೇ ಎಂದೂ ಒಮ್ಮೆ ಕೇಳಿದ. ನಾನು ಕೈಮುಗಿದೆ.

ಹತ್ತನೆಯ ದಿನ ಉತ್ತರ ಬಂತು. ನಲವತ್ತು ಲೇಖನಗಳನ್ನು ಇಬ್ಬರು ಕೂತು ನೋಡಿದ್ದರು. ಎಲ್ಲಕ್ಕೂ ಆಧಾರ ಸರಿಯಾಗಿತ್ತು. ಧುಪದಾಳದ ಲೇಖನದಲ್ಲಿ ಒಂದು ಅಂಕಿ ಮಾತ್ರ ತಪ್ಪಿತ್ತು, ಅದನ್ನು ತಿದ್ದಿದ್ದರು. "ಹತ್ತು ಜನರನ್ನು ಕರೆತಂದದ್ದು ನಿಯಮಕ್ಕೆ ವಿರುದ್ಧವೇ. ಆದರೆ ಮೋಸವಲ್ಲ ಎಂದು ಒಪ್ಪುತ್ತೇವೆ. ಸುಳ್ಳು ಖಾತೆ ಎಂಬ ಮಾತನ್ನು ಹಿಂದಕ್ಕೆ ಪಡೆದಿದ್ದೇವೆ. ತಡೆ ತೆಗೆದಿದೆ. ಬರೆಯಿರಿ, ರಾಜಮತಿಯವರೇ."

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಆಮೇಲೆ ಕಣ್ಣನ್ನೂ ಒರೆಸಿಕೊಂಡರು. ನಾನಂತೂ ಹೋ ಎಂದು ಅತ್ತುಬಿಟ್ಟೆ. ಝೆರಾಕ್ಸಿಗೆ ಬಂದವರು ಗಾಬರಿಯಾದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ, ಆ ದಿನ ನಮಗಿಬ್ಬರಿಗೂ ಅಷ್ಟು ಆಯಸ್ಸು ಬಂದ ಹಾಗಿತ್ತು. ಎದೆಯ ಮೇಲಿನ ಕಲ್ಲು ಇಳಿಯುವುದು ಎಂದರೇನೆಂದು ನನಗೆ ತಿಳಿದದ್ದೇ ಅವತ್ತು.

ಸುದ್ದಿ ಕೇಳಿ ಜಿನೇಂದ್ರ ಪೇಢೆ ತಂದ. ಲೇಖನ ಮಾತ್ರ ಹೋಯಿತೆಂದು ಅಕ್ಕೋರು ಅಳುಕುತ್ತಲೇ ಹೇಳಿದರು.

"ಹೋಗ್ಲಿ ಬಿಡ್ರಿ ವೈನಿ. ಗಿರಣಿ ಎಲ್ಲಿ ಹೋಗ್ತೈತಿ? ನಾಳಿ ಎಂಟಕ್ಕ ಚಾಲೂ ಆಗೂದ."

ಆ ವಾರವೇ ನಿರ್ವಾಹಕರು ಇನ್ನೊಂದು ಮಾತು ಕೇಳಿದರು. ಕಂಪನಿಗಳ ಬಗ್ಗೆ ಬರೆಯಲು ಬರುವ ಹೊಸಬರೆಲ್ಲ ಇದೇ ಗುಂಡಿಗೆ ಬೀಳುತ್ತಾರೆ, ಅವರಿಗೊಂದು ದಾರಿ ತೋರಿಸುವ ಪುಟ ಬರೆದುಕೊಡುತ್ತೀರಾ ಎಂದು. ಅಕ್ಕೋರು ಎರಡು ಭಾನುವಾರ ಕೂತು ಬರೆದರು, ಎರಡನೇ ಇಯತ್ತೆಯ ಮಕ್ಕಳಿಗೆ ಹೇಳುವ ಹಾಗೆ. ಕಂಪನಿ ನಿಮ್ಮದೋ, ನಿಮ್ಮವರದೋ, ನಿಮಗೆ ಪಗಾರ ಕೊಡುವವರದೋ ಆಗಿದ್ದರೆ ಮೊದಲು ಅದನ್ನು ಹೇಳಿಬಿಡಿ; ಬರೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಆ ಕಂಪನಿಯ ಹಂಗಿಲ್ಲದವರು ಏನು ಬರೆದಿದ್ದಾರೆ ಹುಡುಕಿ. ಯಾರೂ ಬರೆದಿಲ್ಲವೆಂದರೆ ಲೇಖನಕ್ಕೆ ಇನ್ನೂ ಕಾಲ ಬಂದಿಲ್ಲ, ಅದು ಅವಮಾನವಲ್ಲ. ಹೊಗಳಿಕೆಯನ್ನು ತೆಗೆದು ನೋಡಿ, ಏನು ಉಳಿಯುತ್ತದೋ ಅದೇ ಲೇಖನ. ದಯವಿಟ್ಟು ಮಂದಿಯನ್ನು ಕರೆತರಬೇಡಿ.

ಹೇಗೆ ಬರೆಯಬಾರದು ಎನ್ನುವುದಕ್ಕೆ ಒಂದು ಉದಾಹರಣೆ ಬೇಕಿತ್ತು. ಯಾರ ಕಂಪನಿಯದು ಹಾಕಿದರೂ ಅವರಿಗೆ ನೋವಾಗುತ್ತದೆಂದು ಅಕ್ಕೋರು ಯೋಚಿಸುತ್ತಿದ್ದರು. ಜಿನೇಂದ್ರ ಪಕ್ಕದಲ್ಲೇ ಕೂತಿದ್ದ.

"ನಮ್ಮದ ಹಾಕ್ರಿ ವೈನಿ," ಎಂದ. "ಹೆಂಗೂ ಬರದದ್ದು ಐತಲ್ಲ."

ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು. ಅಕ್ಕೋರು ನಗುತ್ತಲೇ ಆ ಹೃದಯಸಿಂಹಾಸನದ ಸಾಲನ್ನು ಇಡಿಯಾಗಿ ಪುಟಕ್ಕೆ ಹಾಕಿದರು. ಅದರ ಕೆಳಗೆ ಬರೆಯುವಾಗ ಮಾತ್ರ ನಗು ನಿಲ್ಲಿಸಿ, ಒಂದೊಂದೇ ಅಕ್ಷರ ಒತ್ತಿದರು:

"ಹೀಗೆ ಬರೆಯಬೇಡಿ. ಬರೆದವಳು ನಾನೇ, ಗಿರಣಿ ನನ್ನ ಮೈದುನನದು. ರಾಜಮತಿ."