ಶೇಖರ ಕೊಟ್ಟ ನೀರು

ಮಲ್ಪೆಯ ಶೇಖರ ಕೆನಡಾದ ರೆಕ್ಸ್‌ಡೇಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಐದು ವರ್ಷದಲ್ಲಿ ಒಂದು ಪೆಟ್ಟಿಗೆ ಬೀಳಿಸಿದವನಲ್ಲ, ಒಬ್ಬರಿಗೂ ಎದುರಾಡಿದವನಲ್ಲ. ಇಂಥ ಸಾಧುಪ್ರಾಣಿಯ ಮನೆಗೆ ಒಂದು ಶನಿವಾರ ಇಬ್ಬರು ಪೊಲೀಸರು ಬಂದು, ಬೆಲ್ಜಿಯಂ ದೇಶದ ನ್ಯಾಯಾಧೀಶೆ ಕಳಿಸಿದ ಕಾಗದ ಕೊಟ್ಟುಹೋದರು. ಹೆಂಡತಿ ಮೋಹಿನಿ ಅದನ್ನು ಎರಡು ಸಲ ಓದಿದಳು. ಶೇಖರ ಮುಟ್ಟಲಿಲ್ಲ. ಅದರಲ್ಲಿ ಯಾರ ಹೆಸರಿರುತ್ತದೆಂದು ಅವನಿಗೆ ಗೊತ್ತಿತ್ತು.

ಏಳು ವರ್ಷದ ಹಿಂದೆ ಅವನು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನ ಒಂದು ಶೀತಲ ಗೋದಾಮಿನಲ್ಲಿ ಬಾಳೆಹಣ್ಣಿನ ಕಂಟೇನರು ಇಳಿಸುತ್ತಿದ್ದ. ಜೊತೆಗಿದ್ದವನು ಊರಿನವನೇ ಆದ ರಂಜಿತ್, ಇಪ್ಪತ್ತಾರು ವರ್ಷ, ಸುಮಿತ್ರಮ್ಮನ ಒಬ್ಬನೇ ಮಗ. ಒಂದು ಮಧ್ಯಾಹ್ನ ಹಣ್ಣಿನ ಕೆಳಗೆ ಮಾದಕವಸ್ತುವಿನ ಪೊಟ್ಟಣಗಳು ಸಿಕ್ಕಿದವು. ರಂಜಿತ್ ಹುಂಬ, ಆಫೀಸಿಗೆ ತಿಳಿಸುತ್ತೇನೆಂದು ಹೊರಟ. ಅಷ್ಟರಲ್ಲಿ ಬೀಗ ಹಾಕಿದ್ದ ಹಿಂಬಾಗಿಲು ತೆರೆದುಕೊಂಡಿತು. ಮುಖಗವಸಿನ ಇಬ್ಬರು ಒಳಗೆ ಬಂದರು. ಒಬ್ಬ ಕಬ್ಬಿಣದ ಸರಳಿನಿಂದ ರಂಜಿತನ ದವಡೆಗೆ ಬಾರಿಸಿದ. ಬಿದ್ದವನ ಕೈಬೆರಳುಗಳನ್ನು ಬೂಟಿನಿಂದ ಜಜ್ಜಿದ. ಇನ್ನೊಬ್ಬ ಮಂಡಿಯೂರಿ ಕೂತು, ತೊಡೆಯ ಬುಡಕ್ಕೆ ಚೂರಿ ಹಾಕಿ ಎಳೆದ. ಪೆಟ್ಟಿಗೆಗಳ ಹಿಂದೆ ಅವಿತಿದ್ದ ಶೇಖರನಿಗೆ ಬಾಗಿಲೊಂದು ಬಿಟ್ಟು ಎಲ್ಲವೂ ಕಂಡಿತು. ತನ್ನ ಪ್ಯಾಂಟು ಒದ್ದೆಯಾದದ್ದೂ ತಿಳಿಯಿತು. ಅವರು ಸರಕು ಹೊತ್ತುಕೊಂಡು ಹೋಗುವವರೆಗೆ ಅವನು ಉಸಿರೆತ್ತಲಿಲ್ಲ.

ಮುಂದೆ ನಡೆದದ್ದಕ್ಕೆ ಶೇಖರನ ಹತ್ತಿರ ಎರಡು ಕಥೆಗಳಿದ್ದವು. ಅಲ್ಲಿನ ಪೊಲೀಸರಿಗೆ, ತಾನು ಹತ್ತಿರ ಹೋಗುವಷ್ಟರಲ್ಲಿ ರಂಜಿತ್ ಸತ್ತಿದ್ದ, ಆದರೂ ಸಂಪ್ರದಾಯವೆಂದು ಬಾಯಿಗೆ ನೀರು ಬಿಟ್ಟೆ ಎಂದ. ಮಲ್ಪೆಗೆ ಫೋನು ಮಾಡಿ ಸುಮಿತ್ರಮ್ಮನಿಗೆ, ಕೊನೆಯ ಗುಟುಕು ನನ್ನ ಕೈಯಿಂದಲೇ ಕುಡಿದ ಎಂದ. ಆಕೆ ಆ ಗುಟುಕು ನೀರನ್ನೇ ನೆಚ್ಚಿ ಬದುಕಿದಳು. ಕಡಲಿಗೆ ಹೋದವರು ಗಂಟಲಿಗೆ ಹನಿ ನೀರಿಲ್ಲದೆ ಹೋಗುವುದನ್ನು ಕಂಡ ಕೇರಿ ಅದು. ವರ್ಷಕ್ಕೊಮ್ಮೆ ರಂಜಿತನ ತಿಥಿಯ ದಿನ ಶೇಖರ ಫೋನು ಮಾಡಬೇಕು, ಆಕೆ ನೀರಿನ ಮಾತು ಕೇಳಬೇಕು, ಇವನು ಹೇಳಬೇಕು. ಅದು ತಪ್ಪಿದ್ದಿಲ್ಲ.

ಚೂರಿ ಹಾಕಿದವರು ಸ್ಪೇನಿಗೆ ಓಡಿದ್ದರು. ಯುರೋಪಿನಲ್ಲಿ ಒಂದು ದೇಶದ ವಾರಂಟಿಗೆ ಇನ್ನೊಂದು ದೇಶ ತಲೆಬಾಗುತ್ತದಂತೆ. ಸಿಕ್ಕಿಬಿದ್ದ ಮೇಲೆ ತಿಂಗಳೊಳಗೆ ಇಬ್ಬರನ್ನೂ ಕೈಕೋಳ ಹಾಕಿ ಬೆಲ್ಜಿಯಮ್ಮಿಗೆ ಒಪ್ಪಿಸಿದರು. ಅವರ ಫೋನಿನ ಗುಪ್ತ ಸಂದೇಶಗಳನ್ನು ಒಡೆದು ಕೊಟ್ಟದ್ದು ಫ್ರಾನ್ಸಿನ ಪೊಲೀಸರು. ಅದರಲ್ಲೊಂದು: 'ಹಿಂಬಾಗಿಲು ತೆರೆದಿದೆ.' ಕಳಿಸಿದವನ ಹೆಸರಿಲ್ಲ. ಅನುಮಾನವಿದ್ದದ್ದು ಗೋದಾಮಿನ ಫೋರ್‌ಮನ್ ಲುಕಾಸನ ಮೇಲೆ. ಅವನೋ, ಆ ದಿನ ನಾನು ಮನೆಯಲ್ಲೇ ಇದ್ದೆ ಎಂದು ಕೈತೊಳೆದುಕೊಂಡಿದ್ದ. ಆಗ ನ್ಯಾಯಾಧೀಶೆಗೆ ನೀರು ಬಿಟ್ಟವನ ನೆನಪಾಯಿತು. ಆದರೆ ಕೆನಡಾ ಯುರೋಪಲ್ಲವಲ್ಲ. ಅಲ್ಲಿಂದ ಇಲ್ಲಿಗೆ ಒಂದು ಕಾಗದ ಬರಲು ಎರಡು ವರ್ಷ ಹಿಡಿಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಎಲ್ಲ ಸರಕಾರಗಳೂ ಒಂದೇ. ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಸಾಯುವ ಮುಂಚೆ ರಂಜಿತ್ ಏನಾದರೂ ಹೇಳಿದನೇ?

ಹೇಳಿದ್ದ. ಅದನ್ನು ಶೇಖರ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಮೋಹಿನಿಗೆ, ಆ ಶನಿವಾರ. ಪೂರ್ತಿ ಕೇಳಿ ಅವಳು ತೊಟ್ಟಿಕ್ಕುತ್ತಿದ್ದ ಸಿಂಕಿನ ನಲ್ಲಿಯನ್ನು ಬಿಗಿಮಾಡಿದಳು.

"ಆಗ ಹೇಳಿದ್ದನ್ನೇ ಈಗಲೂ ಹೇಳಿ. ಸತ್ತಿದ್ದ ಅಂತ," ಎಂದಳು. "ಲುಕಾಸನಿಗೆ ಜೈಲಾದ್ರೆ ರಂಜಿತ್ ಎದ್ದು ಬರುದುಂಟಾ? ಸುಮಿತ್ರಮ್ಮ ಆ ನೀರಿನ ಮೇಲೆ ಜೀವ ಹಿಡ್ಕೊಂಡಿದ್ದಾರೆ. ಅದನ್ನೂ ಕಸ್ಕೊಳ್ಳುದಾ?"

"ಅವ ಬಾಗಿಲು ತೆಗೀದಿದ್ರೆ ರಂಜಿತ್ ಸಾಯ್ತಿರ್ಲಿಲ್ಲ ಮೋಹಿನಿ."

"ಮತ್ತೆ ನೀವು?" ಎಂದವಳು ನಾಲಗೆ ಕಚ್ಚಿಕೊಂಡಳು. ಆಡಿದ ಮಾತು ಆಡಿಯಾಗಿತ್ತು.

ವಿಚಾರಣೆ ಹತ್ತಿರದ ನ್ಯೂಮಾರ್ಕೆಟ್ಟಿನ ನ್ಯಾಯಾಲಯದ ಒಂದು ಕೋಣೆಯಲ್ಲಿ, ಬೆಳಿಗ್ಗೆ ಎಂಟಕ್ಕೆ. ಎದುರಿಗೆ ದೊಡ್ಡ ಪರದೆ. ಅದರಲ್ಲಿ ನ್ಯಾಯಾಧೀಶೆ, ಲುಕಾಸನ ವಕೀಲ, ಹಿಂದೆ ಲುಕಾಸ್. ಅವನ ತಲೆ ಪೂರ್ತಿ ನರೆತಿತ್ತು. ಪಕ್ಕದಲ್ಲಿ ಮಾತು ಅನುವಾದಿಸಲು ಮೈಸೂರಿನ ಹುಡುಗಿ ಕ್ಷಮಾ.

"ಅವ ಬದುಕಿದ್ದ," ಎಂದ ಶೇಖರ. "ನಾನು ಎರಡೂ ಕೈಯಲ್ಲಿ ಗಾಯ ಒತ್ತಿ ಹಿಡಿದೆ. ಬೆರಳ ಸಂದಿಯಿಂದ ರಕ್ತ ಬಿಸಿಬಿಸಿ ಚಿಮ್ತಾ ಇತ್ತು, ಒತ್ತಿದ ಮೇಲೆ ಕಮ್ಮಿ ಆಯ್ತು. ಒಡೆದ ದವಡೆಯಲ್ಲೇ ಅವ ಹೇಳಿದ, ಬಾಗಿಲು ತೆಗೆದದ್ದು ಲುಕಾಸ್, ನಾನು ನೋಡಿದೆ ಅಂತ."

ಪರದೆಯಲ್ಲಿ ಲುಕಾಸನ ವಕೀಲ ಹಳೆಯ ಹೇಳಿಕೆಯನ್ನು ಎತ್ತಿ ಹಿಡಿದ. "ಸತ್ತಿದ್ದ ಎಂದು ಸಹಿ ಹಾಕಿದ್ದೀರಿ. ಆಗ ಯಾಕೆ ಸುಳ್ಳು ಹೇಳಿದಿರಿ, ಅಂತ ಕೇಳ್ತಿದ್ದಾರೆ ಸರ್," ಎಂದಳು ಕ್ಷಮಾ.

ಶೇಖರನ ಬಾಯಿ ಒಣಗಿತು. ಮೇಜಿನ ಮೇಲೆ ನೀರಿತ್ತು. ಅವನು ಅದನ್ನು ಮುಟ್ಟಲಿಲ್ಲ.

"ಅವ ಇನ್ನೊಂದು ಮಾತೂ ಹೇಳಿದ್ದ. ಕೈ ತೆಗೀಬೇಡ ಶೇಖರಣ್ಣ ಅಂತ. ನಾನು ತೆಗೆದೆ."

ಕ್ಷಮಾ ಅನುವಾದಿಸದೆ ಅವನ ಮುಖ ನೋಡಿದಳು.

"ಹೇಳಮ್ಮ ಅವರಿಗೆ. ಅಷ್ಟು ರಕ್ತ ನೋಡಿ ಇವ ಉಳಿಯುದಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ನಮ್ಮಲ್ಲಿ ಸಾಯುವವನ ಬಾಯಿಗೆ ನೀರು ಬಿಡ್ಬೇಕು. ಬಾಟ್ಲಿ ತರ್ಲಿಕ್ಕೆ ಎದ್ದು ಹೋದೆ. ಹೋಗಿ ಬರ್ಲಿಕ್ಕೆ ಒಂದು ನಿಮಿಷ, ಎರಡು ನಿಮಿಷ. ಬಂದಾಗ ಕಣ್ಣು ಮೇಲಾಗಿತ್ತು. ಬಿಟ್ಟ ನೀರು ಹೊರಗೇ ಹರೀತು. ಆಂಬುಲೆನ್ಸಿನ ಹೆಂಗಸು ಬಂದು ಕೇಳಿದ್ಲು, ಗಾಯ ಯಾರೂ ಒತ್ತಿ ಹಿಡೀಲಿಲ್ವಾ ಅಂತ. ಅದಕ್ಕೇ ಸತ್ತಿದ್ದ ಅಂದೆ."

ಕ್ಷಮಾ ತಡವರಿಸುತ್ತ ಅದನ್ನೆಲ್ಲ ಇಂಗ್ಲಿಷಿಗೆ ತಂದಳು. ವಕೀಲ ಮುಂದೆ ಏನೂ ಕೇಳಲಿಲ್ಲ. ತನ್ನ ಮೇಲೇ ಇಷ್ಟು ಹೇರಿಕೊಂಡವನನ್ನು ಸುಳ್ಳ ಎಂದು ಯಾರು ನಂಬುತ್ತಾರೆ? ಲುಕಾಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನ್ಯಾಯಾಧೀಶೆ ಶೇಖರನಿಗೆ ವಂದನೆ ಹೇಳಿ, ನಿಮ್ಮ ಮೇಲೆ ಯಾವ ಮೊಕದ್ದಮೆಯೂ ಇರುವುದಿಲ್ಲ ಎಂದರು. ಪರದೆ ಕಪ್ಪಾಯಿತು.

ಸುಮಿತ್ರಮ್ಮನಿಗೆ ಪತ್ರಿಕೆಯಿಂದ ತಿಳಿಯುವ ಮೊದಲು ತನ್ನ ಬಾಯಿಂದಲೇ ತಿಳಿಯಲಿ ಎಂದು ಅವನು ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಮಲ್ಪೆಗೆ ಫೋನು ಮಾಡಿದ. ಅಲ್ಲಿ ದೀಪ ಹಚ್ಚಿ ಆಗಿತ್ತು. ಒಂದನ್ನೂ ಬಿಡದೆ ಹೇಳಿದ.

"ನೀರು ಅವ ಕೇಳಿದ್ನಾ?" ಎಂದಳು ಸುಮಿತ್ರಮ್ಮ.

"ಇಲ್ಲಮ್ಮ. ಕೈ ತೆಗೀಬೇಡ ಅಂತ ಮಾತ್ರ ಹೇಳಿದ."

"ಬಾಗಿಲು ತೆಗೆದವನಿಗೆ ಶಿಕ್ಷೆ ಆಗ್ತದಾ?"

"ಆಗ್ತದೆ ಅಂತ ಕಾಣ್ತದೆ."

"ನಿನಗೆ?"

"ನನಗೆ ಎಂತದೂ ಇಲ್ಲ ಅಂದ್ರು."

ಆಮೇಲೆ ಆಕೆ, ಅವನ ಹೆಸರು ಹಿಡಿದು, ಏಳು ವರ್ಷವೂ ಮಾತಾಡಿಸಿದ್ದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದಳು:

"ಹಾಗಾದ್ರೆ ಇನ್ನು ತಿಥಿಯ ದಿನ ನನಗೆ ಫೋನ್ ಮಾಡ್ಬೇಡ ಶೇಖರ."