ಶೋರೂಮಿನ ಎದುರು ಕೂತ ಅತ್ತೆ

ನಮ್ಮ ಪುಟ್ಟತಾಯಮ್ಮ ಅತ್ತೆ ಹೋಟೆಲಿಗೆ ಬಂದ ಹುಡುಗರ ಮುಖವನ್ನು ಆಮೇಲೆ ನೋಡುತ್ತಿದ್ದಳು. ಮೊದಲು ನೋಡುತ್ತಿದ್ದುದು ಕಾಲು. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಹಾಕುತ್ತಲೇ ವಿಚಾರಣೆ ಶುರುವಾಗುತ್ತಿತ್ತು. “ಗಾಡಿ ತಗಳಕ್ ಬಂದಿದ್ದೀಯೇನ್ಲಾ? ಮದ್ಲು ಯಾವ್ದಾದ್ರೂ ಓಡ್ಸಿದ್ದೀಯಾ?” ಇಲ್ಲ ಎಂದವನು ಎದುರಿನ ಬೈಕ್ ಶೋರೂಮಿಗೆ ಹೋಗುವುದು ತಡವಾಗುತ್ತಿತ್ತು. ಹೋದರೂ ದೊಡ್ಡ ಗಾಡಿಗಳ ಕಡೆ ಅವನ ಮನಸ್ಸು ತಿರುಗುತ್ತಿರಲಿಲ್ಲ.

ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಚನ್ನಪಟ್ಟಣ, ರಾಮನಗರದ ಕಡೆಯ ಹಳ್ಳಿಗಳಿಂದ ರೈಲು, ಬಸ್ಸು ಹಿಡಿದು ಬರುತ್ತಿದ್ದ ಹುಡುಗರಿಗೆಲ್ಲ ಮೊದಲ ಸಂಬಳದ ಜೊತೆಗೆ ಒಂದು ಬೈಕಿನ ಕನಸೂ ಹುಟ್ಟುತ್ತಿತ್ತು. ನನ್ನ ಚಿಕ್ಕಪ್ಪ ಕುಮಾರನಿಗೂ ಹುಟ್ಟಿತು. ಅವನು ನಮ್ಮಪ್ಪನ ಕೊನೆಯ ತಮ್ಮ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅತ್ತೆಯೇ. ಗಂಡ ಸತ್ತು ತವರಿಗೆ ಬಂದಮೇಲೆ ಅವಳಿಗೆ ಮಗ, ತಮ್ಮ ಎಲ್ಲ ಅವನೊಬ್ಬನೇ ಆಗಿದ್ದ.

ಕುಮಾರ ಕುಳ್ಳ. ಸೈಕಲ್ ಬಿಟ್ಟರೆ ಬೇರೇನೂ ಓಡಿಸಿದವನಲ್ಲ. ಗಾಡಿ ಕೊಳ್ಳುವ ದಿನ ಪೂಜೆಗೆಂದು ಹೂವು, ನಿಂಬೆಹಣ್ಣು ಹಿಡಿದು ಅತ್ತೆಯೂ ಜೊತೆಗೆ ಹೋಗಿದ್ದಳು. ಅವನು ನೋಡಲು ಹೋಗಿದ್ದು ಒಂದು ಸಣ್ಣ ಗಾಡಿಯನ್ನು. ಶೋರೂಮಿನ ಮಾಲೀಕ ಲೋಕೇಶ ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದ್ದು ಅಲ್ಲಿದ್ದವುಗಳಲ್ಲೇ ಭಾರವಾದ, ಜೋರಾಗಿ ಓಡುವ ಗಾಡಿಯ ಮೇಲೆ. ಕೂತಾಗ ಹುಡುಗನ ಹೆಬ್ಬೆರಳಷ್ಟೇ ನೆಲ ಮುಟ್ಟಿದ್ದನ್ನು ಅತ್ತೆ ನೋಡಿದಳು.

“ಅಣ್ಣ, ಇದು ಇವನ್ಗೆ ಭಾರ ಆಗಾಕಿಲ್ವಾ?”

“ನಿನ್ಗೇನಕ್ಕ ಗೊತ್ತು? ಗಂಡ್ಸು ಅಂದ್ಮ್ಯಾಕೆ ಇಂಥದ್ರಲ್ಲೇ ಕುಂತ್ಕಬೇಕು. ಒಂದ್ ವಾರ ಬುಡು, ಗಾಡಿನೇ ಕಲಿಸ್ಬುಡ್ತದೆ.”

ಸುತ್ತ ಇದ್ದವರು ನಕ್ಕರು. ಕುಮಾರನೂ ನಾಚಿಕೊಂಡು ನಕ್ಕ. ಅತ್ತೆ ತಾನು ತಂದಿದ್ದ ನಿಂಬೆಹಣ್ಣನ್ನು ಆ ಗಾಡಿಯ ಚಕ್ರದಡಿಗೇ ಇಟ್ಟಳು.

ಆ ವಾರ ತುಂಬಲಿಲ್ಲ. ಮೈಸೂರು ರಸ್ತೆಯಲ್ಲಿ ಮುಂದಿನ ಬಸ್ಸು ನಿಂತಿತೆಂದು ಕುಮಾರ ರಸ್ತೆ ಅಂಚಿನಲ್ಲಿ ಗಾಡಿ ನಿಲ್ಲಿಸಿ ಕಾಲು ಇಟ್ಟಿದ್ದಾನೆ. ಅಲ್ಲಿ ನೆಲ ಒಸಿ ತಗ್ಗು. ಕಾಲಿಗೆ ನೆಲ ಸಿಗಲಿಲ್ಲ. ಭಾರ ತಡೆಯಲಾರದೆ ಗಾಬರಿಯಿಂದ ಇನ್ನೊಂದು ಕಡೆಗೆ ಎಳೆದಾಗ ಗಾಡಿ ರಸ್ತೆಯ ಮೇಲಕ್ಕೇ ಮಗುಚಿ, ಅವನು ಅದರ ಅಡಿಯಲ್ಲಿ ಸಿಕ್ಕಿಕೊಂಡ. ಹಿಂದೆ ಬರುತ್ತಿದ್ದ ಲಾರಿಗೆ ನಿಲ್ಲಲು ಆಗಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಅತ್ತೆ ಒಬ್ಬಳೇ ಲೋಕೇಶನ ಹತ್ತಿರ ಹೋದಳಂತೆ. ಜಗಳಕ್ಕಲ್ಲ. ಒಂದು ಮಾತು, ತಪ್ಪಾಯ್ತು ಅಂತಲೋ ಪಾಪ ಅಂತಲೋ, ಅದನ್ನು ಕೇಳಿಸಿಕೊಳ್ಳಲು. ಅವನು ಬೇರೆ ಗಿರಾಕಿಗೆ ಗಾಡಿ ತೋರಿಸುತ್ತಲೇ ಹೇಳಿದ್ದು ಇಷ್ಟು: “ಓಡ್ಸಾಕ್ ಬರ್ದಿದ್ರೆ ಅದ್ಕೆ ನಾನೇನ್ ಮಾಡ್ಲಿ?”

ಅತ್ತೆ ಊರಿಗೆ ವಾಪಸು ಬಂದಳು. ಆ ತಿಂಗಳೇ ಶೋರೂಮಿನ ಎದುರಿಗಿದ್ದ ಪುಟ್ಟ ಮಳಿಗೆ ಹಿಡಿದು ತಟ್ಟೆ ಇಡ್ಲಿ ಹೋಟೆಲ್ ತೆರೆದಳು. ಅವಳಿಗೆ ವ್ಯಾಪಾರದ ಆಸೆ ಇರಲಿಲ್ಲ. ಆ ಜಾಗ ಬೇಕಾಗಿತ್ತು.

ಗಾಡಿಯ ವಿಚಾರವನ್ನು ಅವಳು ಕತ್ತಿ ಮಸೆದ ಹಾಗೆ ಕಲಿತಳು. ತಿನ್ನಲು ಬಂದ ಡ್ರೈವರುಗಳನ್ನು, ಗ್ಯಾರೇಜಿನವರನ್ನು, ಬಿದ್ದು ಕೈಗೆ ಪಟ್ಟಿ ಕಟ್ಟಿಕೊಂಡವರನ್ನು ಬಿಡದೆ ಕೇಳಿದಳು. ಎಷ್ಟೋ ತಪ್ಪಾಗಿಯೂ ಕಲಿತಳು. ಕೆಂಪು ಬಣ್ಣದ ಗಾಡಿ ತಾನಾಗಿಯೇ ಜೋರು ಓಡುತ್ತದೆ ಎಂಬ ಅವಳ ನಂಬಿಕೆಯನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ.

ನನಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ನಾನು ಮೆಚ್ಚಿದ್ದು ಅಂಥದೇ ಒಂದು ಕೆಂಪು ಗಾಡಿ. ಅತ್ತೆ ಬೈಯಲಿಲ್ಲ. ಹೋಟೆಲ್ ಬಾಗಿಲು ಹಾಕಿ, ಬಸ್ಸು ಹತ್ತಿಸಿ, ಮಾಗಡಿ ದಾಟಿಸಿ ಸೋಲೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಹಾಲು ಹಾಕುವವನೊಬ್ಬ ತನ್ನ ಹಳೆಯ ಸಣ್ಣ ಗಾಡಿಯನ್ನು ಮಾರಲು ಇಟ್ಟಿದ್ದ. ಬಣ್ಣ ಹೋಗಿತ್ತು, ಸೀಟಿಗೆ ಹಾಲಿನ ವಾಸನೆ ಹಿಡಿದಿತ್ತು.

“ಕುಂತ್ಕೋ. ಎರಡು ಪಾದನೂವೆ ಪೂರಾ ಊರು. ಹಿಮ್ಮಡಿ ಎತ್ಬ್ಯಾಡ. ಈಗ ಇಳ್ದು ಹಿಂದಕ್ ತಳ್ಳು ನೋಡಾನ.”

ತಳ್ಳಿದೆ. “ಈಗ ಮಲಗ್ಸು” ಎಂದಳು.

“ಗಾಡಿನಾ?”

“ಇನ್ನೇನ್ ನನ್ನಾ? ಮಲಗ್ಸಿ ಒಬ್ನೇ ಎತ್ತು. ಬಿದ್ದಾಗ ಎತ್ತಾಕಾಗ್ದಿರೋ ಗಾಡಿ ನಿಂದಲ್ಲ ಕಣ್ಲಾ. ಹಳೇದ್ರಲ್ಲಿ ಕಲಿ, ಕೆರೆ ಬಯಲಲ್ಲಿ ಬೀಳು, ಏಳು. ಕೈ ಕುಂತ್ಮ್ಯಾಕೆ ನಿನ್ಗೆ ಬೇಕಾದ್ ಬಣ್ಣದ್ ತಗೋ.”

ಹಾಲಿನವನ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವತ್ತು ನನಗಾದ ಅವಮಾನ ಅಷ್ಟಿಷ್ಟಲ್ಲ. ಆದರೆ ಆ ಗಾಡಿಯಲ್ಲಿ ಬೇಕಾದಷ್ಟು ಸಲ ಬಿದ್ದೆ, ಎದ್ದೆ, ಕಲಿತೆ.

ಇದನ್ನೇ ಅವಳು ಇಡ್ಲಿ ತಿನ್ನುವ ಪ್ರತಿಯೊಬ್ಬ ಹುಡುಗನಿಗೂ ಹೇಳುತ್ತಿದ್ದಳು. ಶೋರೂಮಿನಲ್ಲಿ ದೊಡ್ಡ ಗಾಡಿಗಳು ಧೂಳು ಹಿಡಿದು ನಿಂತವು. ಲೋಕೇಶ ರಸ್ತೆ ದಾಟಿ ಬಂದು ಕೂಗಾಡಿದ. ಪಂಚಾಯ್ತಿಗೆ ದೂರು ಕೊಡ್ತೀನಿ ಎಂದ. ಅತ್ತೆ ಚಟ್ನಿ ರುಬ್ಬುತ್ತಲೇ, “ಕೊಡು. ಇಡ್ಲಿ ತಿನ್ನೋರ್ ಜೊತೆ ಮಾತಾಡ್ಬ್ಯಾಡ ಅಂತ ಯಾವ್ ಪಂಚಾಯ್ತಿ ಹೇಳ್ತದೋ ನೋಡಾನ” ಎಂದಳು. ಅವನು ಹೋದಮೇಲೆ ಅವಳ ಮುಖದಲ್ಲಿ ಒಂದು ತೃಪ್ತಿ ಕಾಣಿಸಿತು. ಹಬ್ಬದ ದಿನವೂ ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಲೋಕೇಶ ತಾನಾಗಿಯೇ ಬಂದ. ಜೊತೆಗೆ ಅವನ ಮಗ ಚೇತನ. ಆಗ ತಾನೇ ಪಿಯುಸಿ ಮುಗಿಸಿದ್ದ, ಕಡ್ಡಿಯಂಥ ಹುಡುಗ. ಅಪ್ಪನ ಶೋರೂಮಿನ ದೊಡ್ಡ ಗಾಡಿಯೇ ಬೇಕೆಂದು ಊಟ ಬಿಟ್ಟಿದ್ದನಂತೆ. ತಾಯಿ ಅಳುತ್ತಿದ್ದಳಂತೆ. ಹೋಟೆಲ್ ತುಂಬ ಜನರಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ನಾನೂ ಅಲ್ಲೇ ಇದ್ದೆ.

“ಅಕ್ಕ, ನನ್ ಮಾತ್ ಕೇಳ್ತಿಲ್ಲ ಇವ್ನು. ಹುಡುಗ್ರೆಲ್ಲ ನಿನ್ ಮಾತ್ ಕೇಳ್ತಾರೆ. ಒಸಿ ಹೇಳು.”

ಅತ್ತೆ ಸೌಟು ಕೆಳಗಿಟ್ಟಳು. “ಆವತ್ತು ನನ್ ತಮ್ಮನ್ಗೆ ಹೇಳ್ದಲ್ಲ, ಅದ್ನೇ ನಿನ್ ಮಗನ್ಗೂ ಹೇಳು. ಗಂಡ್ಸು ಅಂದ್ಮ್ಯಾಕೆ ಇಂಥದ್ರಲ್ಲೇ ಕುಂತ್ಕಬೇಕು ಅಂತ. ಹೇಳು, ನಾನೂ ಕೇಳ್ತೀನಿ.”

ಲೋಕೇಶ ತಲೆ ತಗ್ಗಿಸಿದ.

“ಬಾಯಿಗ್ ಬರ್ತಿಲ್ವಾ? ಹಂಗಾರೆ ನಿಜ ಹೇಳು. ಎಲ್ರಿಗೂ ಕೇಳಂಗೆ ಹೇಳು.”

ತಿನ್ನುತ್ತಿದ್ದವರು ಕೈ ನಿಲ್ಲಿಸಿದರು. ಅವನು ಬೆವರು ಒರೆಸಿಕೊಂಡ. ಕೊನೆಗೆ, ಮಗನ ಮುಖ ನೋಡದೆ ಹೇಳಿದ: “ಅದು ಕಲಿಯೋರ್ ಗಾಡಿ ಅಲ್ಲ. ಆವತ್ತೇ ಗೊತ್ತಿತ್ತು ನಂಗೆ. ಗೊತ್ತಿದ್ದೂ ಕೊಟ್ಟೆ.”

ಚೇತನ ಅಪ್ಪನನ್ನೇ ನೋಡಿದ. ಆ ನೋಟವನ್ನು ಅತ್ತೆ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಹುಡುಗನಿಗೆ, “ಕೇಳಿಸ್ಕಂಡ್ಯಾ? ಮನೇಗ್ ಹೋಗಿ ಉಣ್ಣು” ಎಂದಳು. ಲೋಕೇಶ ಬೆಂಚಿನ ಮೇಲೆ ಕುಸಿದು ನೀರು ಕೇಳಿದ. “ನಿನ್ಗೆ ಇಲ್ಲಿ ನೀರಿಲ್ಲ” ಎಂದಳು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾರನೆಯ ಬೆಳಿಗ್ಗೆ ನೋಡಿದರೆ ಮತ್ತೆ ಹುಡುಗರ ಕಾಲು ನೋಡುತ್ತ ಕೂತಿದ್ದಾಳೆ. “ಇನ್ನೂ ಸಾಕಾಗ್ಲಿಲ್ವಾ ಅತ್ತೆ?” ಎಂದೆ.

“ಅವನ್ ಮಗ ಮನೇಗ್ ಹೋದ. ಕುಮಾರ ಬಂದ್ನಾ?”

ಮುಂದಿನ ವರ್ಷ ಲೋಕೇಶ ಶೋರೂಮು ಮುಚ್ಚಿ ಕನಕಪುರದಲ್ಲಿ ಸಣ್ಣ ಅಂಗಡಿ ತೆರೆದ. ಅಷ್ಟರಲ್ಲಿ ಅತ್ತೆಗೆ ಹೊಟ್ಟೆಯ ಕಾಯಿಲೆ ಅಂಟಿತ್ತು. ನಮ್ಮ ಮನೆಯ ಜಗಲಿಯಲ್ಲಿ ಮಲಗಿದ್ದವಳು ನನ್ನನ್ನು ಕರೆದು, “ಅಲ್ಲೂ ಎದುರ್ಗೆ ಮಳಿಗೆ ಖಾಲಿ ಐತಾ ನೋಡ್ಕಂಡ್ ಬಾ ಮಗ” ಎಂದಳು. ಎದ್ದು ಕೂರಲೂ ಆಗದ ಸ್ಥಿತಿ. ಆದರೂ ಹೋದೆ.

ಲೋಕೇಶ ನನ್ನನ್ನು ಗುರುತಿಸಲಿಲ್ಲ. ಮೀಸೆ ಚಿಗುರದ ಹುಡುಗನೊಬ್ಬ ದೊಡ್ಡ ಗಾಡಿ ಕೇಳುತ್ತಿದ್ದ. ಲೋಕೇಶ ಕೊಡುವುದಿಲ್ಲ ಎಂದ. ಹುಡುಗ ಬೇರೆ ಕಡೆ ಹೋಗುತ್ತೇನೆಂದು ಹೆದರಿಸಿದರೂ, “ಹೋಗಪ್ಪ, ನಾನಂತೂ ಕೊಡಲ್ಲ. ಮೊದ್ಲು ಸಣ್ಣದ್ರಲ್ಲಿ ಕಲಿ” ಎಂದು ಕಳಿಸಿಬಿಟ್ಟ.

ಅತ್ತೆಗೆ ಸಮಾಧಾನವಾಗಲಿ ಎಂದು ಬಂದು ಎಲ್ಲವನ್ನೂ ಹೇಳಿದೆ. ಅವಳು ಸೂರು ನೋಡುತ್ತಲೇ ಕೇಳಿಸಿಕೊಂಡಳು. ಆಮೇಲೆ ನನ್ನ ಮಣಿಕಟ್ಟನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು.

“ಹಂಗಾರೆ ಕೊಡಲ್ಲ ಅನ್ನಾಕೆ ಆವತ್ತೂ ಅವನ್ ಕೈಲಿ ಆಯ್ತಿತ್ತು.”

ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅತ್ತೆಯನ್ನು ಮಣ್ಣು ಮಾಡುವ ದಿನ ಲೋಕೇಶ ಹೂವಿನ ಹಾರ ಹಿಡಿದು ಬಂದಿದ್ದ. ಊರ ಮುಂದಿನ ಬಸ್ ಸ್ಟ್ಯಾಂಡಿನ ಹತ್ತಿರವೇ ನಿಂತುಬಿಟ್ಟಿದ್ದ. “ಪಾಪ, ಬಿಸಿಲಲ್ಲಿ ನಿಂತವ್ನೆ, ಒಳೀಕ್ ಕರಿಯಾನ” ಎಂದು ನಮ್ಮಪ್ಪ ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.